ಮೂರನೇ ಕೋಲು

ನಮ್ಮ ಊರಿನಲ್ಲಿ ಕಿಟಕಿಗಳು ತ್ರಿಕೋನ. ಬೇರೆ ಆಕಾರದವು ಇಲ್ಲವೆಂದಲ್ಲ. ದನದ ಕೊಟ್ಟಿಗೆಗೆ, ಸ್ನಾನದ ಮನೆಗೆ, ಗಂಡ ಹೆಂಡತಿ ಜಗಳವಾಡುವ ಕೋಣೆಗೆ ಚೌಕ ಕಿಟಕಿಯನ್ನೇ ಇಡುತ್ತಾರೆ. ಚೌಕ ಕಿಟಕಿ ಕಿವುಡು, ಮೂಕ. ಅದರಿಂದ ಯಾರಿಗೂ ತೊಂದರೆಯಿಲ್ಲ. ತ್ರಿಕೋನದ್ದು ಹಾಗಲ್ಲ. ಒಂದಕ್ಕೊಂದು ಪೂರ್ತಿ ಸಮನಾದ ಎರಡು ತ್ರಿಕೋನ ಕಿಟಕಿಗಳು ಊರಿನ ಯಾವ ಮೂಲೆಯಲ್ಲಿದ್ದರೂ ಒಂದೇ ಗಾಳಿಯಾಡುತ್ತವೆ. ಅಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಇಲ್ಲಿ ಸೀನು ಬರುತ್ತದೆ. ಅಲ್ಲಿ ಆಡಿದ ಮಾತು ಇಲ್ಲಿ ಪಕ್ಕದಲ್ಲೇ ಕುಳಿತು ಆಡಿದಂತೆ ಕೇಳುತ್ತದೆ. ಇಂಥ ಜೋಡಿಗೆ ನಾವು ಸರ್ವಸಮ ಎನ್ನುತ್ತೇವೆ.

ನಾನು ನೀಲಗಂಗವ್ವ, ಈ ಊರಿನ ಅಳತೆಗಾರ್ತಿ. ಎರಡು ಕಿಟಕಿಗಳು ಸರ್ವಸಮ ಹೌದೋ ಅಲ್ಲವೋ ಎಂದು ಹೇಳುವುದು ನನ್ನ ಕೆಲಸ. ತಂಟೆ ಬಂದಾಗ ಮಾತ್ರ ನನ್ನನ್ನು ಕರೆಯುತ್ತಾರೆ. ಹೊಸದಾಗಿ ಮದುವೆಯಾದವರ ಕೋಣೆಯಲ್ಲಿ ಯಾರೋ ದಿನಾ ಮಗ್ಗಿ ಒಪ್ಪಿಸುತ್ತಿದ್ದಾರೆ ಎಂದು ಒಮ್ಮೆ ದೂರು ಬಂತು. ಹುಡುಕಿಕೊಂಡು ಹೋದರೆ ಊರಾಚೆ ಒಬ್ಬ ಮಾಸ್ತರರ ಮನೆ. ಅವರ ಕಿಟಕಿಯ ಒಂದು ಮೂಲೆಗೆ ಬೆರಳಗಲ ಗಾರೆ ಮೆತ್ತಿಸಿದೆ, ಮಗ್ಗಿ ನಿಂತಿತು. ಕೋನಗಳು ಮೂರೂ ಸಮನಾಗಿದ್ದು ಒಂದು ದೊಡ್ಡದು ಒಂದು ಚಿಕ್ಕದು ಇದ್ದರೆ ಅಂಥ ಕಿಟಕಿಗಳಲ್ಲಿ ಮಾತು ದಾಟುವುದಿಲ್ಲ, ಕನಸು ದಾಟುತ್ತದೆ. ದೊಡ್ಡ ಕಿಟಕಿಯ ಮನೆಯಲ್ಲಿ ಅಜ್ಜ ಆನೆಯನ್ನು ಕನಸಿನಲ್ಲಿ ಕಂಡರೆ ಚಿಕ್ಕ ಕಿಟಕಿಯ ಮನೆಯ ಕೂಸು ಮೇಕೆಮರಿಯನ್ನು ಕಾಣುತ್ತದೆ. ಅದಕ್ಕೆ ಯಾರೂ ದೂರು ಕೊಡುವುದಿಲ್ಲ. ಬೆಳಿಗ್ಗೆ ಎದ್ದು ನಗುತ್ತಾರೆ, ಅಷ್ಟೆ.

ಅಳೆಯುವುದು ದೊಡ್ಡ ವಿದ್ಯೆಯೇನಲ್ಲ. ಮೂರು ಬದಿಗೆ ಮೂರು ಬಿದಿರಿನ ಕೋಲು ಕತ್ತರಿಸಿಕೊಂಡು ಹೋಗಿ ಇನ್ನೊಂದು ಕಿಟಕಿಗೆ ಹಿಡಿಯಬೇಕು. ಇಲ್ಲವೇ ಎರಡು ಕೋಲು, ಅವೆರಡೂ ಕೂಡುವ ಮೂಲೆಗೆ ಸರಿಯಾಗಿ ಕೆತ್ತಿದ ಒಂದು ಮರದ ಬೆಣೆ. ಒಂದು ಕೋಲು, ಎರಡು ಬೆಣೆ ಇದ್ದರೂ ಆದೀತು. ಹೀಗೆ ಮೂರು ಅಳತೆ ತಾಳೆಯಾದರೆ ಉಳಿದ ಮೂರು ತಾವೇ ತಾಳೆಯಾಗುತ್ತವೆ. ಅದಕ್ಕೇ ನಮ್ಮವರು "ಮೂರು ಸಿಕ್ಕರೆ ಮುಗೀತು" ಎಂದು ಗಾದೆಯನ್ನೇ ಮಾಡಿಕೊಂಡಿದ್ದಾರೆ. ಗಾದೆ ಕೇಳಲು ಚೆನ್ನಾಗಿದೆ. ಯಾವ ಮೂರು ಎಂದು ಅದು ಹೇಳುವುದಿಲ್ಲ, ನನ್ನ ಹೊಟ್ಟೆಪಾಡು ನಡೆಯುತ್ತಿರುವುದೇ ಅದರಿಂದ.

ನಮ್ಮಲ್ಲಿ ಹೆಣ್ಣು ಗಂಡನ ಮನೆಗೆ ಹೋಗುವಾಗ ಚಿನ್ನ ಬೆಳ್ಳಿ ಎಷ್ಟಾದರೂ ಇರಲಿ, ಒಂದು ತವರು ಕಿಟಕಿ ಮಾತ್ರ ಆಗಲೇಬೇಕು. ತಾಯಿ ದಿನಾ ಕೂರುವ ಕೋಣೆಯ ಕಿಟಕಿಯ ಅಳತೆಯನ್ನು ಹುಡುಗಿಯ ಸೋದರಮಾವ ಹೊತ್ತು ತರುತ್ತಾನೆ. ಗಂಡನ ಮನೆಯವರು ಗೋಡೆ ಒಡೆದು ಅದೇ ಅಳತೆಗೆ ಕಿಟಕಿ ಕೂಡಿಸುತ್ತಾರೆ. ಅಲ್ಲಿಂದ ಮುಂದೆ ತವರಿನ ಗಾಳಿ ಆ ಹುಡುಗಿಯ ಕೋಣೆಗೆ ಬರುತ್ತಿರುತ್ತದೆ. ಸೋದರಮಾವನ ಅಳತೆಯನ್ನು ಯಾರೂ ಮತ್ತೆ ಅಳೆಯುವುದಿಲ್ಲ, ಅಳೆದರೆ ಅವನ ಮುಖಕ್ಕೆ ಹೊಡೆದ ಹಾಗೆ. ಹಬ್ಬಕ್ಕೆ ಬಾ ಎಂಬ ಕರೆಯೂ ಆ ಕಿಟಕಿಯಿಂದಲೇ ಬರಬೇಕು, ಕರೆ ಬಾರದೆ ಹೆಣ್ಣುಮಗಳು ತವರಿನ ಹೊಸ್ತಿಲು ತುಳಿಯುವಂತಿಲ್ಲ. ಕಿಟಕಿಯಲ್ಲಿ ಆಡಬೇಕಾದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಹೇಳಿ ಕಳಿಸಿದರೆ ಆ ಕಿಟಕಿ ಸತ್ತಿತೆಂದೇ ಲೆಕ್ಕ. ನನಗೂ ಒಂದು ತವರು ಕಿಟಕಿ ಇದೆ. ಅವ್ವ ಹೋದ ಮೇಲೂ ಹಟ ಮಾಡಿ ಉಳಿಸಿಕೊಂಡೆ. ಈಗ ಅದರಿಂದ ನಮ್ಮಣ್ಣನ ಗೊರಕೆ ಬರುತ್ತದೆ. ಬೈದುಕೊಂಡೇ ಕೇಳುತ್ತೇನೆ, ಕೇಳದಿದ್ದರೆ ಮಧ್ಯಾಹ್ನದ ನಿದ್ದೆ ಹತ್ತುವುದಿಲ್ಲ.

ಕಸ್ತೂರಿ ನನ್ನ ಹತ್ತಿರ ಬಂದದ್ದು ಅವಳ ತಾಯಿ ತುಂಗವ್ವನ ದಿನಕರ್ಮ ಮುಗಿದ ಮೇಲೆ. ತುಂಗವ್ವ ಬಾವಿಗೆ ಹೋದಾಗ ಕಟ್ಟೆಯ ಮೇಲೆ ಕೂತವಳು ಹಾಗೇ ಹೋಗಿಬಿಟ್ಟಿದ್ದಳು. ಕಸ್ತೂರಿ ಗುಡ್ಡದ ಈ ಮಗ್ಗುಲಿನ ಸೊಸೆ, ತವರು ಗುಡ್ಡದ ಆ ಮಗ್ಗುಲು. ಬಂದವಳು ನಿಂತೇ ಮಾತಾಡಿದಳು.

"ಅಳತಿ ಅಕ್ಕಾರ, ನಮ್ಮ ತವರು ಕಿಡಕಿ ಮುಚ್ಚಸ್ತಾರ. ಮುಚ್ಚೂಕಿಂತ ಮೊದಲ ಅದು ಖರೇ ಇತ್ತೋ ಸುಳ್ಳಿತ್ತೋ ನೋಡಿ ಹೇಳ್ರಿ."

"ಮುಚ್ಚೂ ಕಿಡಕಿ ಅಳದು ಏನ್ ಮಾಡ್ತಿ ತಂಗಿ?" ಎಂದೆ ನಾನು. ತಾಯಿ ಸತ್ತ ಮೇಲೆ ತವರು ಕಿಟಕಿಗೆ ಗಾರೆ ಹಾಕುವುದು ಕೆಲವು ಮನೆಗಳಲ್ಲಿ ಪದ್ಧತಿ.

"ಅದರಿಂದ ಒಂದ ಮಾತು ಬಂದಿಲ್ರಿ."

ನಾನು ಅವಳ ಮುಖ ನೋಡಿದೆ. "ಒಂದ ಮಾತು ಅಂದ್ರ?"

"ಮದುವಿ ಆದ ದಿನದಿಂದ ಒಂದ ಮಾತಿಲ್ಲ, ಒಂದ ಕೆಮ್ಮಿಲ್ಲ, ಒಗ್ಗರಣಿ ವಾಸನಿ ಸೈತ ಇಲ್ಲ. ಮನಿ ಬಿಡೂ ದಿನ ಅವ್ವಗೂ ನನಗೂ ಮಾತಿಗಿ ಮಾತು ಬೆಳೀತು. ಈ ಮನೀ ಗಾಳಿ ನನಗ ಸಾಕಾಗೇತಿ ಅಂದ್ಬಿಟ್ಟೆ."

ನಮ್ಮ ಊರಿನಲ್ಲಿ ಮಗಳು ತಾಯಿಗೆ ಅದಕ್ಕಿಂತ ಕೆಟ್ಟ ಮಾತು ಆಡಲಾರಳು. ಮೊದಮೊದಲು ಕಸ್ತೂರಿ ದಿನಾ ಕಿಟಕಿಯಲ್ಲಿ ಅವ್ವಾ ಎಂದು ಕರೆದಳಂತೆ. ಉತ್ತರ ಬರಲಿಲ್ಲ. ಹಬ್ಬಗಳು ಬಂದು ಹೋದವು, ಕರೆಯೂ ಬರಲಿಲ್ಲ. ಅವ್ವನ ಸಿಟ್ಟು ಇಳಿದಿಲ್ಲ ಎಂದುಕೊಂಡು ಇವಳೂ ಬಾಯಿ ಹೊಲಿದುಕೊಂಡಳು. ಹಾಗೇ ವರುಷಗಳು ಕಳೆದವು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ, ಆ ಬಂಗಾರ ಯಾರ ಮನೆಗೂ ಬರುವುದು ಬೇಡ.

"ಮಣ್ಣಿಗಿ ಹೋದಾಗ ಅವ್ವನ ಖೋಲಿಗಿ ಹೋಗಿದ್ದೆ," ಎಂದಳು ಕಸ್ತೂರಿ. "ಕಿಡಕಿ ಕದಾ ಹಾಕಿದ್ರು. ಕಿಡಕಿ ಕಟ್ಟಿ ಮ್ಯಾಲ ಎರಡ ಗುಳಿ ಬಿದ್ದಾವ್ರಿ, ಮೊಣಕೈ ಊರಿ ಊರಿ ಸವದಾವ. ಮುಂದ ಒಂದ ಸ್ಟೂಲು. ಮಾತಾಡದಾಕಿ ಅಲ್ಲ್ಯಾಕ ಕುಂದರ್ತಿದ್ಲು? ಕಿಡಕಿ ಖರೇ ಇದ್ರ, ಅವ್ವ ಕುಂತು ಕುಂತು ನನಗ ಬೇಕಂತ ಮಾತಾಡ್ಲಿಲ್ಲ ಅಂತಾತು. ಸುಳ್ಳಿದ್ರ..."

ನಾನು ಗೂಟಕ್ಕೆ ನೇತುಹಾಕಿದ್ದ ಚೀಲ ತೆಗೆದುಕೊಂಡೆ.

ಕಸ್ತೂರಿಯ ಮನೆಯಲ್ಲಿ ಗಾರೆ ಕಲಸಿಟ್ಟಾಗಿತ್ತು. ಅವಳ ಅತ್ತೆ ನಾಗವ್ವ ಅಂಗಳದಲ್ಲಿ ಜೋಳ ಕೇರುತ್ತ, "ಲಗೂ ಮುಗಸ್ರಿ ಅಕ್ಕಾರ. ಹೋದವ್ರ ಗಾಳಿ ಮನ್ಯಾಗ ಆಡಬಾರದು," ಎಂದಳು. ಕೆಟ್ಟ ಹೆಂಗಸಲ್ಲ, ಹೆದರಿಕೆಯ ಹೆಂಗಸು. ನಾನು ಕಿಟಕಿಯ ಮೂರು ಬದಿಗೂ ಕೋಲು ಕತ್ತರಿಸಿಕೊಂಡೆ, ಮೂರು ಮೂಲೆಗೂ ಬೆಣೆ ಕೆತ್ತಿಕೊಂಡೆ. ಆ ಕಿಟಕಿಯ ಮುಂದೆ ನಿಂತರೆ ಏನೇನೂ ಇಲ್ಲ. ಹೊರಗಿನ ಬೇವಿನ ಗಾಳಿ ಬಿಟ್ಟರೆ ಬೇರೆ ಮನೆಯ ಒಂದು ಉಸಿರೂ ಇಲ್ಲ. ಆದರೂ ನಾನು ಬಾಯಿಬಿಡಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹೇಳಿಕೊಂಡೇ ಬೆಳೆದವಳು ನಾನು.

ಗುಡ್ಡ ಹತ್ತಿ ಇಳಿದು ತುಂಗವ್ವನ ಮನೆ ಸೇರುವಾಗ ಬಿಸಿಲು ಹಳದಿಯಾಗಿತ್ತು. ಕಸ್ತೂರಿಯ ಅಣ್ಣ ಕೋಣೆಯ ಬಾಗಿಲು ತೆಗೆದುಕೊಟ್ಟು ಹೊಲದ ಕಡೆ ಹೋದ. ಸಾವಿನ ದಿನ ಹಾಕಿದ ಕಿಟಕಿಯ ಕದವನ್ನು ಇನ್ನೂ ಯಾರೂ ತೆರೆದಿರಲಿಲ್ಲವಾದ್ದರಿಂದ ಕೋಣೆ ಅರೆಗತ್ತಲೆಯಾಗಿ, ತಂಪಾಗಿ, ಮೆಂತ್ಯದ ವಾಸನೆ ಹಿಡಿದುಕೊಂಡು ಮಲಗಿತ್ತು. ನಾನು ಕದ ತೆರೆದೆ. ಬೆಳಕು ಮೂರು ಮೂಲೆಯ ಚಾದರದಂತೆ ನೆಲದ ಮೇಲೆ ಬಿತ್ತು.

ಎಡಬದಿಯ ಉದ್ದ ಕೋಲು ಹಿಡಿದೆ. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಲಬದಿಯ ಗಿಡ್ಡ ಕೋಲು ಹಿಡಿದೆ. ಅದೂ ಕೂತಿತು. ಎಡಗಡೆ ಕೆಳಮೂಲೆಗೆ ಬೆಣೆ ಇಟ್ಟೆ. ಅಲ್ಲಿಯೇ ಹುಟ್ಟಿದ್ದೇನೋ ಎಂಬಂತೆ ಕೂತಿತು. ಕಸ್ತೂರಿ ಗೋಡೆಗೆ ಒರಗಿ ಕೂತಳು.

"ಮೂರು ಸಿಕ್ವಲ್ರಿ," ಎಂದಳು. "ಮುಗೀತು. ಖರೇನ ಇತ್ತು ಕಿಡಕಿ. ನಮ್ಮವ್ವ ಸಾಯೂತನಾ ನನ್ನ ಕ್ಷಮಿಸ್ಲಿಲ್ಲ."

ಅವಳು ಅಳಲೂ ಇಲ್ಲ. ಆ ಮುಖ ನೋಡಿ ನನಗೆ ಊರಿನ ಗಾದೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. "ಏನೂ ಮುಗದಿಲ್ಲ, ಏಳು ಮ್ಯಾಲ," ಎಂದೆ. "ನನ್ನ ಚೀಲದಾಗ ಇನ್ನೂ ಕೋಲದಾವ."

ತಳದ ಕೋಲು ತೆಗೆದು ಕಿಟಕಿ ಕಟ್ಟೆಯ ಮೇಲೆ ಇಟ್ಟೆ. ಅದು ಬಲಮೂಲೆಯನ್ನು ಮುಟ್ಟಲಿಲ್ಲ. ನಾಲ್ಕು ಬೆರಳಿನಷ್ಟು ಜಾಗ ಉಳಿಯಿತು.

ಕಸ್ತೂರಿ ಎದ್ದು ಬಂದು ನೋಡಿದಳು. ಅವಳಿಗೆ ನಂಬಿಕೆ ಬರಲಿಲ್ಲ. ಎರಡು ಬದಿ ಸಮ, ಒಂದು ಮೂಲೆ ಸಮ, ತಳ ಮಾತ್ರ ಬೇರೆ ಹೇಗೆ? ನಾನು ಅವಳನ್ನು ನೆಲದ ಮೇಲೆ ಕೂರಿಸಿ ಸುಣ್ಣದ ಕಡ್ಡಿಯಿಂದ ಒಂದು ಉದ್ದ ಗೆರೆ ಎಳೆದೆ. ಗೆರೆಯ ಎಡತುದಿಗೆ ಬೆಣೆ ಇಟ್ಟು ಅದಕ್ಕೆ ಆನಿಸಿ ಉದ್ದ ಕೋಲನ್ನು ಓರೆಯಾಗಿ ಮಲಗಿಸಿದೆ. ಅದರ ಮೇಲಿನ ತುದಿಗೆ ಗಿಡ್ಡ ಕೋಲಿನ ಒಂದು ತುದಿ ಸೇರಿಸಿ ಅವಳ ಕೈಗೆ ಕೊಟ್ಟೆ.

"ಇದನ್ನ ಬಾಗಲಾ ತಗದಂಗ ತಿರುವು. ಕೆಳಗಿನ ತುದಿ ಗೆರಿಗೆ ಎಲ್ಲಿ ಮುಟ್ಟತೈತಿ ನೋಡು."

ಅವಳು ತಿರುಗಿಸಿದಳು. ಕೋಲಿನ ತುದಿ ಗೆರೆಯನ್ನು ಒಂದು ಕಡೆ ಮುಟ್ಟಿತು. "ನಿಂದರಸಬ್ಯಾಡ, ಇನ್ನಷ್ಟು," ಎಂದೆ. ತುದಿ ಗೆರೆಯನ್ನು ದಾಟಿ ಕೆಳಗಿಳಿದು, ಮತ್ತೆ ಮೇಲೆದ್ದು, ಇನ್ನೊಂದು ಕಡೆ ಗೆರೆಯನ್ನು ಮುಟ್ಟಿತು.

"ಎರಡ ಕಡೆ ಮುಟ್ಟತೈತಿ," ಎಂದಳು ಮೆಲ್ಲಗೆ.

"ಅದಕ್ಕ. ಬೆಣಿ ಎರಡೂ ಕೋಲಿನ ನಡುವ ಇದ್ದಿದ್ರ ಒಂದ ಕಿಡಕಿ ಆಗತಿತ್ತು. ಬುಡಕ್ಕ ಇಟ್ರ ಅದ ಅಳತಿಗೆ ಎರಡು ಕಿಡಕಿ ಆಗ್ತಾವ, ಒಂದು ಅಗಲ, ಒಂದು ಇಕ್ಕಟ್ಟು. ನಿಮ್ಮವ್ವಂದು ಅಗಲದ್ದು. ನಿನಗ ಕೂಡಿಸಿದ್ದು ಇಕ್ಕಟ್ಟಿಂದು. ನಿನ್ನ ಕಿಡಕಿ ಸುಳ್ಳು ತಂಗಿ. ಮದುವಿ ದಿನದಿಂದ ಸುಳ್ಳು."

ಕಸ್ತೂರಿ ಗೆರೆಯ ಮೇಲೆ ಆ ಎರಡು ಗುರುತುಗಳ ನಡುವೆ ತನ್ನ ಅಂಗೈ ಇಟ್ಟಳು. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳು ಸರಿಯಾಗಿ ಹಿಡಿದವು. "ಇಷ್ಟ ಏನ್ರಿ," ಎಂದಳು. ಆಗ ಅಳು ಬಂತು. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಅಷ್ಟು ವರುಷದ್ದು ಬರಬೇಕಾಗಿತ್ತು.

ಅವಳು ಅಳುತ್ತಿರುವಾಗಲೇ ಕೋಣೆಯಲ್ಲಿ ಇನ್ನೊಂದು ಸದ್ದು ಶುರುವಾಯಿತು. ಕಿರ್, ಕಿರ್, ಕಿರ್ ಎಂದು ಸಣ್ಣ ಗರಗಸ ಎಳೆದಂತೆ. ಹೊರಗೆ ಇಣುಕಿದೆ, ಖಾಲಿ ಹಿತ್ತಲು, ಒಂದು ನುಗ್ಗೆಗಿಡ. ಗರಗಸ ನಿಂತಿತು. ಒಂದು ಗಂಡುದನಿ ಗಂಟಲು ಸರಿಮಾಡಿಕೊಂಡು, ತೀರ ಹೆದರಿ ಹೆದರಿ ಕಿಟಕಿಯಿಂದ ಕೇಳಿತು:

"ಅವ್ವಾರು ಅಳಾಕತ್ತಾರೇನ್ರಿ? ಇಷ್ಟು ದಿನ ಯಾಕ ಕದಾ ಹಾಕಿದ್ರಿ?"

ಕಸ್ತೂರಿಯ ಅಳು ಅಲ್ಲೇ ನಿಂತಿತು. ನಾನು ಅಳತೆಗಾರ್ತಿಯ ಗತ್ತಿನಲ್ಲಿ ಯಾರದು ಎಂದು ಗದರಿಸಿದೆ. ಬಾಚಣಿಗೆ ಮಾಡುವ ಫಕೀರಪ್ಪ ಎಂದ. ಕೆರೆಯ ಹಿಂದಿನ ಓಣಿಯಲ್ಲಿ ಒಬ್ಬನೇ ಇರುವ ವಿಧುರ. ಕಸ್ತೂರಿಯ ಮದುವೆಯ ಹೊತ್ತಿಗೇ ಅವನು ಇಟ್ಟುಕೊಂಡ ಕಿಟಕಿಗೂ ತುಂಗವ್ವನ ಕಿಟಕಿಗೂ ಯಾರೂ ಹೊಂದಿಸದೆ, ಯಾರಿಗೂ ತಿಳಿಯದೆ, ಅಳತೆ ಸೇರಿಬಿಟ್ಟಿತ್ತು. ಇಂಥವು ಸಾವಿರಕ್ಕೊಂದು ಆಗುತ್ತವೆ. ತುಂಗವ್ವ ಇಲ್ಲ ಎಂದು ನಾನೇ ಹೇಳಬೇಕಾಯಿತು.

ನಾವು ಅಲ್ಲಿಂದ ನೇರ ಕೆರೆಯ ಹಿಂದಿನ ಓಣಿಗೆ ಹೋದೆವು. ಫಕೀರಪ್ಪ ಮರದ ಹೊಟ್ಟು ಮೈಮೇಲೆಲ್ಲ ಅಂಟಿಸಿಕೊಂಡು ಬಾಗಿಲಲ್ಲೇ ನಿಂತಿದ್ದ. ಕಸ್ತೂರಿಯನ್ನು ಕಂಡು ಕೈಮುಗಿದವನು ಮುಗಿದೇ ಇದ್ದ.

"ತಪ್ಪು ಮಾಡೀನಿ ತಂಗಿ. ಹೇಳಬೇಕಿತ್ತು, ಇದು ನಿಮ್ಮ ಮಗಳ ಮನಿ ಅಲ್ರಿ ಅಂತ. ಮೊದಲನೇ ದಿನ ಹೇಳೂಣ ಅಂತ ಬಾಯಿ ತಗದೆ. ನನ್ನ ಹೇಂತಿ ಹೋದ ಮ್ಯಾಲ ಈ ಮನ್ಯಾಗ ಯಾರೂ ಮಾತಾಡಿದ್ದಿಲ್ಲ. ನಾಳೆ ಹೇಳೂಣ ಅಂದೆ. ನಾಳೆ ಹಂಗ ಆತು."

"ದಿನಾ ಮಾತಾಡ್ತಿದ್ಲೇನ್ರಿ ಅವ್ವ?"

"ದಿನಾ. ಕಸ್ತೂರಿ, ಕೇಳಸ್ತೈತೇನ ಮಗಳ, ಅಂತಿದ್ರು. ಅಂದು ಸುಮ್ಮನಾಗೋರು. ಉತ್ತರಕ್ಕ ಕಾಯೋರು. ಆ ಹೊತ್ತಿನ್ಯಾಗ ನಾನು ಗರಗಸ ಎಳೀತಿದ್ದಿಲ್ಲ, ಉಸುರು ಸೈತ ಬಿಡತಿದ್ದಿಲ್ಲ. ಆಮ್ಯಾಲ, ಸಿಟ್ಟಿದ್ರ ಇರ್ಲಿ, ಕದಾ ಅಂತೂ ಹಾಕಿಲ್ಲಲ್ಲ ನನ್ನ ಮಗಳು, ಅಂತ ತಾವ ಅಂದು ಮುಂದಿನ ಮಾತು ಹೇಳೋರು."

ಕಸ್ತೂರಿ ಹೊಸ್ತಿಲ ಮೇಲೆ ಕೂತಳು. ಫಕೀರಪ್ಪ ಹೇಳುತ್ತ ಹೋದ. ಅವನ ಗರಗಸದ ಸದ್ದು ಆ ಕಡೆ ಕೇಳಿ, ಅಳಿಯ ಹೊಸ ಕೆಲಸ ಹಿಡಿದಿದ್ದಾನೆ ಎಂದು ತುಂಗವ್ವ ಹಿಗ್ಗಿದ್ದಳಂತೆ. ಇವನು ಕೆಮ್ಮಿದರೆ ಅಳಿಯನಿಗೆ ಶುಂಠಿ ಕಷಾಯ ಮಾಡಿಕೊಡು ಎನ್ನುತ್ತಿದ್ದಳಂತೆ. ಇವನು ಎದ್ದು ಹೋಗಿ ಕಷಾಯ ಮಾಡಿಕೊಂಡು ಕುಡಿಯುತ್ತಿದ್ದ. ತಲೆಗೆ ಎಣ್ಣೆ ಹಚ್ಚಿಕೋ ಎಂದರೆ ಹಚ್ಚಿಕೊಳ್ಳುತ್ತಿದ್ದ. ಉಳಿದ ರೊಟ್ಟಿ ಚೆಲ್ಲಬೇಡ, ಮುರಿದು ಒಗ್ಗರಣೆ ಹಾಕು ಎಂದರೆ ಹಾಗೇ ಮಾಡುತ್ತಿದ್ದ. ಅವನನ್ನು ನೋಡಿದರೆ ಗೊತ್ತಾಗುತ್ತಿತ್ತು. ಒಂಟಿ ಗಂಡಸಿನ ಮನೆಯೆಂದು ಹೇಳಲಾಗದಂತೆ ಗಡಿಗೆಗಳು ತೊಳೆದು ಬೋರಲು ಹಾಕಿದ್ದವು, ತಲೆ ಎಣ್ಣೆಯಿಂದ ಮಿನುಗುತ್ತಿತ್ತು. ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರಲ್ಲ, ಈ ಪುಣ್ಯಾತ್ಮ ಇನ್ನೊಬ್ಬರ ತಾಯಿಯನ್ನು ಕದ್ದು ಕೇಳಿಸಿಕೊಂಡೇ ಬದುಕಿಕೊಂಡಿದ್ದ.

"ಹಂಗಾರ ಅವ್ವ..." ಎಂದು ಕಸ್ತೂರಿ ತಡೆದಳು. "ನಾ ಕೇಳಾಕತ್ತೀನಿ ಅಂತ ತಿಳಕೊಂಡ ಹೋದ್ಲು?"

"ಹೌದು ತಂಗಿ. ಕಡೇ ದಿನಾನೂ ಹಂಗ ತಿಳಕೊಂಡಿದ್ರು."

ಕಸ್ತೂರಿ ಮುಖ ಒರೆಸಿಕೊಂಡಳು. ಅವ್ವ ಆಡಿದ್ದೆಲ್ಲ ಹೇಳಿ, ನೆನಪಿದ್ದಷ್ಟು ಹೇಳಿ ಎಂದು ಕೇಳಿದಳು. ಫಕೀರಪ್ಪ ನೆಲ ನೋಡಿಕೊಂಡು, "ಮಾರಿ ನೋಡಿ ಹೇಳಾಕ ಆಗವಲ್ದು," ಎಂದ. "ಅವು ಕಿಡಕ್ಯಾಗ ಬಂದ ಮಾತು. ಕಿಡಕ್ಯಾಗಾದ್ರ ಹೇಳ್ತೀನಿ. ಒಂದ ದಿನಕ್ಕ ಒಂದ ದಿನದ್ದು, ಮೊದಲಿಂದ. ಮರತದ್ದು ಮರತೈತಿ, ಅಲ್ಲೆ ಸುಮ್ಮನಿರ್ತೀನಿ. ನಂದ ಸೇರಿಸಿ ಹೇಳೂದಿಲ್ಲ."

ಕಸ್ತೂರಿ ನನ್ನ ಕಡೆ ತಿರುಗಿದಳು. ಅವಳು ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಅವಳ ಕಿಟಕಿಯನ್ನು ನಾಲ್ಕು ಬೆರಳು ಅಗಲ ಮಾಡಿದರೆ ಅದು ತುಂಗವ್ವನ ಕಿಟಕಿಗೂ ಸಮ, ಫಕೀರಪ್ಪನ ಕಿಟಕಿಗೂ ಸಮ. ಒಂದಕ್ಕೆ ಸಮನಾದವು ತಮ್ಮತಮ್ಮೊಳಗೂ ಸಮ, ಅದಕ್ಕೆ ಕೋಲು ಬೇಕಿಲ್ಲ.

ನಾಗವ್ವ ಒಪ್ಪುವಳಲ್ಲ ಎಂದು ಕಸ್ತೂರಿಗೆ ಹೆದರಿಕೆ. ನಿಜಕ್ಕೂ ನಾಗವ್ವ ಮೂಗು ಮುರಿದಳು. ಸತ್ತವರ ಕಿಟಕಿ ಮುಚ್ಚುವುದು ಬಿಟ್ಟು ಅಗಲ ಮಾಡುವುದುಂಟೇ ಎಂದಳು. ನಾನು ಆ ಮಾತಿಗೆ ಮೊದಲೇ ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ.

"ನಾಗವ್ವ, ತವರು ಕಿಡಕಿ ಅಂತೀಯಲ್ಲ, ಎಲ್ಲೈತಿ ತವರು ಕಿಡಕಿ? ಇದು ಗ್ವಾಡಿಗೆ ಬಿದ್ದ ತೂತು. ನಿನ್ನ ಸೊಸಿಗೆ ಇನ್ನೂ ತವರು ಕಿಡಕಿ ಕೂಡಿಸೇ ಇಲ್ಲ. ಕೂಡಿಸದ್ದನ್ನ ಹೆಂಗ ಮುಚ್ಚತಿ? ಇಷ್ಟ ವರ್ಷ ಸೊಸಿನ್ನ ತವರಿಲ್ಲದಂಗ ಇಟ್ಟಾಳ ನಾಗವ್ವ ಅಂತ ಊರು ಅಂದ್ರ ನಾ ಏನ್ ಹೇಳ್ಲಿ?"

ನಾಗವ್ವ ಮೊರ ಕೆಳಗಿಟ್ಟಳು. ಸೊಸೆಯ ಮುಖ ನೋಡಿದಳು. ತನ್ನ ಕೋಣೆಯ ಕಡೆ, ತಾನೇ ಗಾರೆ ಹಾಕಿಸಿ ಮುಚ್ಚಿಕೊಂಡಿದ್ದ ತನ್ನ ತವರು ಕಿಟಕಿಯ ಗೋಡೆಯ ಕಡೆ ಒಮ್ಮೆ ನೋಡಿದಳು. "ಕೂಡಸ್ರಿ ಹಂಗಾರ," ಎಂದಳು.

ಕೂಡಿಸಬೇಕೆಂದರೆ ಸೋದರಮಾವನೇ ಅಳತೆ ತರಬೇಕು. ಕಸ್ತೂರಿಯ ಮಾವ ಅಡಿವೆಪ್ಪ ಈಗ ಹಣ್ಣು ಮುದುಕ. ಅವನನ್ನು ಬೈಯಬೇಕೆಂದು ದಾರಿಯುದ್ದಕ್ಕೂ ನಾಲಿಗೆ ಮಸೆದುಕೊಂಡು ಹೋಗಿದ್ದೆ. ಕಸ್ತೂರಿ ನನ್ನ ಸೆರಗು ಜಗ್ಗಿ ಸುಮ್ಮನಿರಿಸಿ, "ಮಾಮಾ, ಇನ್ನೊಂದ ಸಲ ಅಳತಿ ತಂದುಕೊಡು," ಎಂದಳು ಅಷ್ಟೆ.

"ಮೂರು ಕೋಲು ತಗೊಂಡ ಹೊಂಟಿದ್ದೆ ಯವ್ವಾ," ಎಂದ ಮುದುಕ. "ಗುಡ್ಡದಾಗ ನಾಯಿ ಬೆನ್ನು ಹತ್ತಿತು. ಹೊಡಿಯಾಕ ಹೋದೆ, ತಳದ ಕೋಲು ಮುರೀತು. ಚೀಲದಾಗ ಒಂದ ಬೆಣಿ ಇತ್ತು. ಎರಡ ಕೋಲು ಒಂದ ಬೆಣಿ, ಮೂರು ಆತಲ್ಲ, ಮುಗೀತು ಅಂದ್ಕೊಂಡೆ. ಮುಗೀಲಿಲ್ಲೇನು?"

"ಈಗ ಮುಗಿಸೂಣಂತ ಬಾ," ಎಂದು ಕಸ್ತೂರಿ ಅವನ ಕೈ ಹಿಡಿದು ಎಬ್ಬಿಸಿದಳು. ನಾನು ಮಸೆದ ನಾಲಿಗೆ ನನ್ನ ಬಾಯಲ್ಲೇ ಉಳಿಯಿತು.

ಈ ಸಲ ಅವನು ಮೂರು ಕೋಲನ್ನೂ ಎದೆಗೆ ಅವುಚಿಕೊಂಡು ಗುಡ್ಡ ಇಳಿದ. ಕೆಳಗೆ ಒಂದು ನಾಯಿ ಬೊಗಳುತ್ತ ಅಡ್ಡ ಬಂತು. ಮುದುಕ ಕೋಲು ಎತ್ತಲಿಲ್ಲ. ನಿಂತುಕೊಂಡು, "ಕಚ್ಚೂದಿದ್ರ ಕಚ್ಚಿ ಹೋಗಪಾ, ನಾ ಅಳತಿ ತಗೊಂಡ ಹೊಂಟೀನಿ," ಎಂದ. ನಾಯಿಗೂ ಏನನ್ನಿಸಿತೋ, ಪಕ್ಕಕ್ಕೆ ಸರಿದು ನಮ್ಮ ಹಿಂದೆಯೇ ನಡೆದು ಬಂತು.

ಗಿಡ್ಡ ಬದಿಯ ಬುಡ ಕಿತ್ತು ನಾಲ್ಕು ಬೆರಳು ಆಚೆ ಇಟ್ಟರು. ಕಲಸಿಟ್ಟ ಗಾರೆ ಅದಕ್ಕೇ ಆಯಿತು. ನಾನು ಮೂರು ಕೋಲನ್ನೂ ಹಿಡಿದು ನೋಡಿದೆ, ಬೆಣೆಗಳನ್ನೂ ಇಟ್ಟು ನೋಡಿದೆ. ನನ್ನ ಕೆಲಸದಲ್ಲಿ ಸರ್ವಸಮ ಎಂಬ ಮಾತನ್ನು ಒಣಗಿದ ದನಿಯಲ್ಲೇ ಹೇಳಿ ರೂಢಿ. ಅವತ್ತು ಅಂಗಳಕ್ಕೂ ಕೇಳುವಂತೆ ಹೇಳಿದೆ.

ಮರುದಿನ ಬೆಳಿಗ್ಗೆ ಕಸ್ತೂರಿ ನನ್ನನ್ನೂ ಕರೆದಿದ್ದಳು. ಒಬ್ಬಳಿಗೇ ಧೈರ್ಯವಿಲ್ಲ ಎಂದಳು. ಅಡಿವೆಪ್ಪ ಪಡಸಾಲೆಯಲ್ಲಿ ಕೂತಿದ್ದ. ನಾಗವ್ವ ಕೋಣೆಯ ಬಾಗಿಲ ಬಳಿ ಮೊರ ಹಿಡಿದು, ಕೇರದೆ ನಿಂತಿದ್ದಳು. ಹೊಸ ಗಾರೆಯ ಹಸಿ ವಾಸನೆಯ ನಡುವೆ ಬೇರೆ ಎಲ್ಲಿಯದೋ ಮರದ ಹೊಟ್ಟಿನ ವಾಸನೆ ಸುಳಿಯಿತು. ಅದರ ಹಿಂದೆ, ತುಂಬ ತೆಳ್ಳಗೆ, ಗುಡ್ಡದಾಚೆಯ ಕೋಣೆಯ ಮೆಂತ್ಯದ ವಾಸನೆ. ಕಸ್ತೂರಿ ಕಣ್ಣು ಮುಚ್ಚಿ ಅದನ್ನು ಎಳೆದುಕೊಂಡಳು. ಕಿಟಕಿ ಕಟ್ಟೆಯ ಮೇಲೆ, ಇನ್ನೂ ಗುಳಿ ಬೀಳದ ಜಾಗದಲ್ಲಿ, ಎರಡು ಮೊಣಕೈ ಊರಿದಳು.

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು.

"ಕಸ್ತೂರಿ, ಕೇಳಸ್ತೈತೇನ ಮಗಳ?"

ಫಕೀರಪ್ಪನದೇ ದನಿ. ಆದರೆ ಮಾತಿನ ಎಳೆತ, ಮಗಳ ಎನ್ನುವಲ್ಲಿ ದನಿ ಇಳಿಸಿದ್ದು, ಅವನದಲ್ಲ. ಅಷ್ಟು ಹೇಳಿ ಅವನು ನಿಲ್ಲಿಸಿದ. ತುಂಗವ್ವ ಎಷ್ಟು ಹೊತ್ತು ಕಾಯುತ್ತಿದ್ದಳೋ ಅಷ್ಟು ಹೊತ್ತನ್ನೂ ಅವನು ನೆನಪಿಟ್ಟಿದ್ದ. ಗರಗಸವಿಲ್ಲ, ಉಸಿರಿಲ್ಲ.

"ಕೇಳಸ್ತೈತಿ ಬೇ," ಎಂದಳು ಕಸ್ತೂರಿ.

ಆ ಕಡೆಯಿಂದ ತುಂಗವ್ವ ಮೊದಲ ದಿನ ಆಡಿದ ಮಾತು ಬಂತು. "ಈ ಮನೀ ಗಾಳಿ ಸಾಕಾಗೇತಿ ಅಂದಿ. ಅನ್ನು, ನಾನೂ ನಮ್ಮವ್ವಗ ಅಂದೀನಿ. ಆದ್ರೂ ಕಳಸಾಕತ್ತೀನಿ. ಬ್ಯಾಡಾದ ದಿನ ಕದಾ ಹಾಕ್ಕೋ."

ಹೊರಗೆ ಗಾಳಿ ಎದ್ದು ಕಿಟಕಿಯ ಕದ ಅಲುಗಿತು. ಕಸ್ತೂರಿ ಎರಡೂ ಕೈಯಿಂದ ಅದನ್ನು ಗೋಡೆಗೆ ಒತ್ತಿ ಹಿಡಿದುಕೊಂಡು ನಿಂತಳು.